ಆರಿದ ಕುಲುಮೆ ಸುಮ್ಮನಿರುವುದಿಲ್ಲ

ಹೋದ ಬೇಸಿಗೆಯಲ್ಲಿ ಕಾಕಾ ಅವರನ್ನು ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ರೈಲ್ವೆ ಮ್ಯೂಸಿಯಂಗೆ ಕರೆದೊಯ್ದಿದ್ದೆ. ಅವರು ಭದ್ರಾವತಿಯ ಕಬ್ಬಿಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಿರಿಮಿರಿ ಬಣ್ಣ ಹೊಡೆದ ಹಳೆಯ ಎಂಜಿನ್ ನೋಡಿ ನನ್ನ ಮಗ ಕೇಳಿದ: ‘ಅಜ್ಜಾ, ನಿಮ್ಮ ಕಾರ್ಖಾನಿಗೂ ಹಿಂಗ ಬಣ್ಣಾ ಹಚ್ಚಿ ಟಿಕೀಟ್ ಇಟ್ರ ಆತಲ್ಲ?’ ಕಾಕಾ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: ‘ಇದು ಗಾಡಿ, ತಮ್ಮಾ. ಬಿಚ್ಚಿ, ತೊಳದು, ಇಲ್ಲಿ ತಂದು ನಿಲ್ಲಿಸ್ಯಾರ. ಕುಲುಮಿ ಎಲ್ಲಿಗಿ ತರ್ತೀ?’

ಭದ್ರಾವತಿಯ ಸುದ್ದಿ ಓದಿ ಓದಿ ಗೊಂದಲಗೊಂಡವರಿಗೆ ಈ ಪ್ರಶ್ನೆಯಿಂದಲೇ ಶುರುಮಾಡುವುದು ಒಳ್ಳೆಯದು. ಮಾರಬೇಕು, ಮುಚ್ಚಬೇಕು, ಮತ್ತೆ ನಡೆಸಬೇಕು ಎಂಬ ಮೂರು ಮಾತು ಪತ್ರಿಕೆಗಳಲ್ಲಿ ಬರುತ್ತವೆ. ನಾಲ್ಕನೆಯದು ಮನೆಗಳಲ್ಲಿ, ಚಹಾದಂಗಡಿಗಳಲ್ಲಿ ಕೇಳುವಂಥದು: ನಡೆಯದಿದ್ದರೆ ಹೋಗಲಿ, ಸ್ಮಾರಕವಾಗಿಯಾದರೂ ಉಳಿಯಲಿ. ಈ ನಾಲ್ಕನೆಯ ಮಾತು ಕೇಳಲು ಸುಲಭ. ಆದರೆ ನಾಲ್ಕರಲ್ಲಿ ಅದೇ ಕಡಿಮೆ ಖರ್ಚಿನದು ಎಂದು ತಿಳಿದರೆ ಮೋಸಹೋಗುತ್ತೇವೆ.

ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಮರ. ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲವಾದ್ದರಿಂದ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಬೇಯಿಸಿ ಇದ್ದಿಲು ಮಾಡಿಕೊಳ್ಳುತ್ತಿದ್ದರು. ಆಗ ಇಳಿದುಬರುವ ಡಾಂಬರು, ಮರದ ಸ್ಪಿರಿಟ್‌ಗಳೂ ಮಾರಾಟದ ಸರಕೇ. 1929ರವರೆಗೆ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಆಮೇಲೆ ಉಕ್ಕು ಬಂತು, ಜೋಗದ ವಿದ್ಯುತ್ತಿನ ಕುಲುಮೆ ಬಂತು, 1962ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು, ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ (ಸೇಲ್) ಕೈಸೇರಿ 1998ರಲ್ಲಿ ಅದರೊಳಗೆ ವಿಲೀನವಾಯಿತು. 2016ರಲ್ಲಿ ಮಾರುವ ತೀರ್ಮಾನ, 2022ರಲ್ಲಿ ಅದನ್ನು ಕೈಬಿಟ್ಟದ್ದು, 2023ರ ಜನವರಿಯಲ್ಲಿ ಮುಚ್ಚುವ ಘೋಷಣೆ, ಕಾರ್ಮಿಕರ ಧರಣಿ, ಅದೇ ಆಗಸ್ಟ್‌ನಲ್ಲಿ ಉಕ್ಕನ್ನು ಲಟ್ಟಿಸುವ ರೋಲಿಂಗ್ ಮಿಲ್ ಮತ್ತೆ ತಿರುಗಿದ್ದು, ಪುನಶ್ಚೇತನದ ಭರವಸೆ. ಪೂರ್ತಿ ಸತ್ತಿಲ್ಲ, ಪೂರ್ತಿ ಬದುಕಿಲ್ಲ. ಕಾರ್ಖಾನೆಗಳಿಗೆ ಇದೇ ಅತಿ ಕೆಟ್ಟ ಕಾಲ. ಕೆಡವುವವರೂ ಇಲ್ಲ, ಎಣ್ಣೆ ಹಾಕುವವರೂ ಇಲ್ಲ.

ಕಬ್ಬಿಣದ ಕಾರ್ಖಾನೆಯನ್ನು ಹಾಗೇ ಉಳಿಸಿಕೊಂಡ ಊರುಗಳು ಬೇರೆ ಕಡೆ ಇವೆ. ಜರ್ಮನಿಯ ಫೋಲ್ಕ್‌ಲಿಂಗೆನ್‌ನಲ್ಲಿ 1873ರಲ್ಲಿ ಶುರುವಾದ ಕಾರ್ಖಾನೆಯ ಕುಲುಮೆಗಳು 1986ರಲ್ಲಿ ಆರಿದವು, 1994ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಲಾಸ್ ಕುಲುಮೆಗಳನ್ನು ಕೆಡವುವ ಮಾತು ಬಂದಾಗ ಊರವರು 1977ರಲ್ಲಿ ಮತ ಹಾಕಿ 33 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಮ್ಯೂಸಿಯಂ ತೆರೆದದ್ದು 1983ರಲ್ಲಿ. ಮೊದಲು ಹಣ, ಆಮೇಲೆ ಆರು ವರ್ಷದ ಕೆಲಸ, ಆಮೇಲಷ್ಟೇ ಟಿಕೆಟ್. ಜರ್ಮನಿಯದೇ ಇನ್ನೊಂದು ಊರಾದ ಡುಯಿಸ್‌ಬುರ್ಗ್‌ನಲ್ಲಿ 1985ರಲ್ಲಿ ನಿಂತ ಕಾರ್ಖಾನೆ ಈಗ ಉದ್ಯಾನ. ಅಲ್ಲಿ ಎಲ್ಲವನ್ನೂ ಉಳಿಸಲಿಲ್ಲ. ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ ಮಾಡುತ್ತಿದ್ದ, ವಿಷ ಕುಡಿದಿದ್ದ ಸಿಂಟರ್ ಘಟಕವನ್ನು ಕೆಡವಿ, ಆ ಅವಶೇಷವನ್ನು ಹಳೆಯ ಬಂಕರುಗಳಲ್ಲಿ ತುಂಬಿ ಮುಚ್ಚಿದರು.

ನಾನು ಗೋಕುಲ ರಸ್ತೆಯ ಫೌಂಡ್ರಿಯೊಂದರಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು. ಅಲ್ಲಿ ಕಬ್ಬಿಣ ಕರಗಿಸುವ ಕ್ಯುಪೋಲಾ ಎಂದರೆ, ಗಾಳಿ ಊದಿ ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯ ಚಿಕ್ಕ ತಮ್ಮ. ಕಲ್ಲಿದ್ದಲು ಬೇಯಿಸಿ ಮಾಡಿದ ಅದೇ ಕೋಕ್, ಅದೇ ಸುಣ್ಣದಕಲ್ಲು, ಕೆಳಗೆ ಅದೇ ಕಲ್ಮಶದ ಕಿಟ್ಟ. ಒಂದು ಬೆಳಿಗ್ಗೆ ಒಳಗಿನ ಇಟ್ಟಿಗೆ ಸರಿಮಾಡಲು ಇಳಿದವನು ಐದು ನಿಮಿಷಕ್ಕೆ ಕುಸಿದ. ಹಿಂದಿನ ಸಂಜೆ ಕೆಳಗೆ ಬೀಳಿಸಿದ ಕೋಕಿನ ರಾಶಿಯೊಳಗೆ ಕೆಂಡ ಇನ್ನೂ ಜೀವ ಹಿಡಿದಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮೇಲೇರಿ ಬಂದಿತ್ತು. ಎಳೆದುಹಾಕಿದ್ದರಿಂದ ಬದುಕಿದ. ಊದುಕುಲುಮೆಯಿಂದ ಹೊರಡುವ ಅನಿಲದಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಇದೇ ವಿಷ ಇರುತ್ತದೆ. ಮನುಷ್ಯ ನಡೆದಾಡುವಷ್ಟು ಅಗಲದ ಕೊಳವೆಗಳಲ್ಲಿ ಅದು ಹರಿಯುತ್ತದೆ.

ಕುಲುಮೆ ಆರಿದ ಮೇಲೆ ಆ ಅನಿಲ ಹೋಗುತ್ತದೆ, ನಿಜ. ಆದರೆ ಮುಚ್ಚಿದ ಕೊಳವೆ, ತೊಟ್ಟಿಗಳಲ್ಲಿ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಗಾಳಿಯಾಡದ ಜಾಗದಲ್ಲಿ ಅದು ಒಳಗಿನ ಆಮ್ಲಜನಕವನ್ನೇ ತಿಂದು ಮುಗಿಸುತ್ತದೆ. ಕಣ್ಣಿಗೆ ಖಾಲಿಯಾಗಿ ಕಾಣುವ ತೊಟ್ಟಿಗೆ ತಲೆ ಹಾಕಿದವನು ಎರಡು ಉಸಿರಿಗೆ ಬೀಳಬಹುದು, ಎತ್ತಲು ಇಳಿದವನೂ ಬೀಳಬಹುದು. ಕೊಳವೆಯ ತಳದಲ್ಲಿ ಗಟ್ಟಿಯಾಗಿ ಕೂತ ಡಾಂಬರಿಗೆ ಗ್ಯಾಸ್ ಕಟರ್ ತಾಗಿದರೆ ಹೊತ್ತಿಕೊಳ್ಳುತ್ತದೆ. ಗುಜರಿಯವರನ್ನು ಲೆಕ್ಕವಿಲ್ಲದೆ ಒಳಗೆ ಬಿಡಬಾರದೆನ್ನುವುದು ಕಳ್ಳತನದ ಭಯಕ್ಕಷ್ಟೇ ಅಲ್ಲ.

ತುಕ್ಕಿಗೆ ಇನ್ನೊಂದು ಗುಣವಿದೆ, ಅದು ಉಬ್ಬುತ್ತದೆ. ಎರಡು ತಗಡಿನ ನಡುವೆ ಸೇರಿ ರಿವೆಟ್‌ಗಳನ್ನೇ ಕಿತ್ತು ಒಗೆಯುತ್ತದೆ. ಕಾರ್ಖಾನೆ ಓಡುವಾಗ ಕುಲುಮೆಯ ಬಿಸಿಗೆ ಸುತ್ತಲ ಕಬ್ಬಿಣ ಒಣಗಿರುತ್ತಿತ್ತು, ಬಣ್ಣ ಬಳಿಯುವ ತಂಡ ಇರುತ್ತಿತ್ತು. ನಿಂತ ಮೇಲೆ ಮಲೆನಾಡಿನ ಮಳೆ ಧೂಳಿನ ರಾಶಿಯಲ್ಲಿ ಇಂಗಿ ವರ್ಷಪೂರ್ತಿ ಒದ್ದೆಯಾಗಿಯೇ ಉಳಿಯುತ್ತದೆ. ಮೇಲಿನ ನಡಿಗೆ ಹಲಗೆ ನೋಡಲು ಗಟ್ಟಿ, ಕಾಲಿಟ್ಟರೆ ಹಪ್ಪಳ. ಹಳೆಯ ಬಣ್ಣ ಉಜ್ಜಿ ತೆಗೆಯೋಣವೆಂದರೆ ಆ ಕಾಲದ ಕೆಂಪು ಬಣ್ಣದಲ್ಲಿ ಸೀಸ.

ಎಲ್ಲಕ್ಕಿಂತ ನಿಧಾನವಾಗಿ ಕೊಲ್ಲುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಉಗಿ ಕೊಳವೆಗಳಿಗೆ, ಬಾಯ್ಲರ್‌ಗಳಿಗೆ ಶಾಖ ಸೋರದಂತೆ ಅದನ್ನೇ ಸುತ್ತುತ್ತಿದ್ದರು. ಹೊದಿಕೆ ಗಟ್ಟಿಯಿದ್ದರೆ ತೊಂದರೆಯಿಲ್ಲ. ಪುಡಿಯಾಗಿ ಉದುರಿದರೆ ಕಣ್ಣಿಗೆ ಕಾಣದ ನಾರು ಶ್ವಾಸಕೋಶ ಸೇರಿ, ಇಪ್ಪತ್ತು, ನಲವತ್ತು ವರ್ಷ ಕಳೆದು ಕ್ಯಾನ್ಸರ್ ಆಗಿ ಹೊರಬರುತ್ತದೆ. ಹುಬ್ಬಳ್ಳಿಯವರಿಗೆ ಇದು ದೂರದ ಮಾತಲ್ಲ. ಇಂಗ್ಲೆಂಡಿನ ಸ್ವಿಂಡನ್ ನಮ್ಮಂತೆಯೇ ರೈಲ್ವೆ ವರ್ಕ್‌ಶಾಪಿನಿಂದ ಬೆಳೆದ ಊರು. 1986ರಲ್ಲಿ ಆ ವರ್ಕ್‌ಶಾಪ್ ಮುಚ್ಚಿತು, 2000ದಲ್ಲಿ ಅದರದೇ ಕಟ್ಟಡದಲ್ಲಿ ಚಂದದ ಮ್ಯೂಸಿಯಂ ಬಂತು. ಆದರೆ ಕಲ್ನಾರಿನಿಂದ ಬರುವ ಎದೆಪೊರೆಯ ಕ್ಯಾನ್ಸರನ್ನು ಅಲ್ಲಿಯ ಜನ ‘ಸ್ವಿಂಡನ್ ಕಾಯಿಲೆ’ ಎಂದೇ ಕರೆದರು. ಅಲ್ಲಿ ಕೆಲಸ ಮಾಡಿದವರ ಜೊತೆಗೆ ಅವರ ಬಟ್ಟೆ ಒಗೆದ ಹೆಂಡಂದಿರಿಗೂ ಬಂತು.

ಇಷ್ಟೆಲ್ಲ ಹೇಳಿದ್ದು ಉಳಿಸಬೇಡಿ ಎನ್ನುವುದಕ್ಕಲ್ಲ. ಭದ್ರಾವತಿಯಲ್ಲಿ ಯಾವ ಭಾಗ ಓಡಿದರೂ, ಯಾವ ಭಾಗ ನಿಂತರೂ, ನೂರು ವರ್ಷದ ಆ ಬೆವರು ಗುಜರಿಯ ತೂಕಕ್ಕೆ ಹೋಗಬಾರದು. ಆದರೆ ಕಾರ್ಖಾನೆಯ ಕಾನೂನು ದುಡಿಯುವ ಕಾರ್ಖಾನೆಗೆ, ಸ್ಮಾರಕದ ಕಾನೂನು ಗುಡಿ ಕೋಟೆಗಳಿಗೆ ಹೊಂದುವಂತೆ ಬರೆದದ್ದು. ನಿಂತ ಕುಲುಮೆ ಇವೆರಡರ ನಡುವೆ ಬೀಳುತ್ತದೆ. ಯಾವ ಕೊಳವೆಯಲ್ಲಿ ಏನು ಹರಿಯುತ್ತಿತ್ತು, ಯಾವುದಕ್ಕೆ ಕಲ್ನಾರು ಸುತ್ತಿದ್ದರು ಎಂಬ ಪಟ್ಟಿ ಮೊದಲು ಆಗಬೇಕು. ಆ ಪಟ್ಟಿಯ ಬಹುಪಾಲು ಈಗ ಎಪ್ಪತ್ತು ದಾಟಿದವರ ತಲೆಯಲ್ಲಿದೆ.

ಆ ಸಂಜೆ ಮನೆಗೆ ಬಂದು ಕಾಕಾ ನನ್ನ ಮಗನ ಗಣಿತದ ನೋಟ್‌ಬುಕ್ಕಿನಲ್ಲಿ ಗ್ಯಾಸ್ ಲೈನು ಬರೆಯುತ್ತ ಕೂತರು. ಕುಲುಮೆಯಿಂದ ಬಾಯ್ಲರ್‌ವರೆಗೆ ಒಂದೊಂದೇ ವಾಲ್ವ್ ಗುರುತು ಮಾಡಿದರು. ಮೂರು ಕಡೆ ಪೆನ್ಸಿಲ್ ನಿಂತಿತು. ‘ಇದು ಮತ್ತೊಬ್ಬಂವಗ ಗೊತ್ತಿತ್ತು, ಅಂವ ಹ್ವಾದ’ ಅಂದು ಅಲ್ಲಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು. ಆ ಹಾಳೆಯನ್ನು ಹರಿಯದಂತೆ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ.