ಲೊಕೇಲ್‌ನ ಹೆಸರನ್ನು ನೋಡಿ ಎನ್‌ಕೋಡಿಂಗ್ ನಿರ್ಧರಿಸಬೇಡಿ

ಲಿನಕ್ಸ್‌ನ ಕಮಾಂಡ್ ಲೈನ್ ತಂತ್ರಾಂಶಗಳ ಕೋಡ್ ಪರಿಶೀಲಿಸುವುದು ನನ್ನ ನಿತ್ಯದ ಕೆಲಸ. ಟರ್ಮಿನಲ್‌ನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ತಿಳಿಯಲು, ಬಳಕೆದಾರರ ಲೊಕೇಲ್‌ನ (ಭಾಷೆ ಮತ್ತು ಪ್ರದೇಶದ ಹೊಂದಿಕೆ) ಹೆಸರಿರುವ ‘ಲ್ಯಾಂಗ್’ ವೇರಿಯಬಲ್‌ನೊಳಗೆ, ಎಲ್ಲ ಲಿಪಿಗಳಿಗೂ ಒಗ್ಗುವ ‘ಯುಟಿಎಫ್-8’ ಎಂಬ ಅಕ್ಷರಗಳನ್ನು ಹುಡುಕಿ, ಸಿಗದಿದ್ದರೆ ಇಂಗ್ಲಿಷ್‌ಗಷ್ಟೇ ಸಾಲುವ ಆಸ್ಕಿ ಎಂದು ತೀರ್ಮಾನಿಸುವ ನಾಲ್ಕು ಸಾಲುಗಳು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಬರೆದವರು ಜಾಣರೇ. ಅವರ ಲ್ಯಾಪ್‌ಟಾಪ್‌ನ ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನ ಹೆಸರಿಗೆ ‘ಯುಟಿಎಫ್-8’ ಎಂಬ ಬಾಲ ಇರುವುದರಿಂದ ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಕನ್ನಡ ಲೊಕೇಲ್‌ನ ಹೆಸರು ಬರೀ ‘ಕೆಎನ್_ಐಎನ್’. ಅದರ ಎನ್‌ಕೋಡಿಂಗ್ ಯುಟಿಎಫ್-8 ಆಗಿದ್ದರೂ ಹೆಸರಿನಲ್ಲಿ ಅದರ ಸುಳಿವಿಲ್ಲ. ಹಿಂದಿ, ತಮಿಳಿನದೂ ಇದೇ ಕಥೆ. ಒಂದು ಕಚೇರಿಯವರು ಕಂಪ್ಯೂಟರನ್ನು ಕನ್ನಡಕ್ಕೆ ಹೊಂದಿಸಿಕೊಂಡು ಇಂತಹ ತಂತ್ರಾಂಶವೊಂದನ್ನು ನಡೆಸಿದಾಗ, ಅದು ಆಸ್ಕಿಗೆ ಒಗ್ಗದ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೆಸರುಗಳ ಪಟ್ಟಿಯನ್ನು ಹಳೆಯ ಕಡತದ ಮೇಲೆಯೇ ಬರೆದುಬಿಟ್ಟಿತು. ‘ಚೆನ್ನಮ್ಮ’ ಎಂಬುದರಲ್ಲಿ ಯುನಿಕೋಡ್‌ನ 8 ಸಂಕೇತಗಳಿವೆ, ‘ಸಿದ್ದಪ್ಪ’ ಎಂಬುದರಲ್ಲೂ 8. ಎರಡೂ ಸಾಲುಗಳಲ್ಲಿ ಎಂಟೆಂಟು ಪ್ರಶ್ನಾರ್ಥಕಗಳು ಉಳಿದವು. ಅಕ್ಷರಗಳು ಬರೀ ಕಲಸುಮೇಲೋಗರವಾಗಿ ಕಂಡಿದ್ದರೆ ಬೈಟುಗಳಿಂದ ಮರಳಿ ಪಡೆಯಬಹುದಿತ್ತು. ಇಲ್ಲಿ ಪಡೆಯಲು ಬೈಟುಗಳೇ ಇರಲಿಲ್ಲ. ಅಲ್ಲಿನ ಹಿರಿಯ ಗುಮಾಸ್ತರು ಕಾಗದದ ಅರ್ಜಿಗಳನ್ನು ಹರಡಿಕೊಂಡು ಒಂದೊಂದೇ ಹೆಸರನ್ನು ಮತ್ತೆ ಟೈಪ್ ಮಾಡುತ್ತಿದ್ದುದನ್ನು ನಾನು ಮರೆತಿಲ್ಲ.

ಮಾಡಬೇಕಾದುದು ಇಷ್ಟು. ಮೊದಲು ಲೈಬ್ರರಿಯ ‘ಸೆಟ್‌ಲೊಕೇಲ್’ ಫಂಕ್ಷನ್ ಅನ್ನು ಖಾಲಿ ಸ್ಟ್ರಿಂಗ್‌ನೊಂದಿಗೆ ಕರೆಯಿರಿ, ಬಳಿಕ ‘ಎನ್ಎಲ್_ಲ್ಯಾಂಗ್‌ಇನ್ಫೋ’ ಫಂಕ್ಷನ್‌ಗೆ ‘ಕೋಡ್‌ಸೆಟ್’ ಯಾವುದೆಂದು ಕೇಳಿ. ಮೊದಲನೆಯದನ್ನು ಮರೆಯುವವರೇ ಹೆಚ್ಚು. ಎನ್ವಿರಾನ್‌ಮೆಂಟ್‌ನಲ್ಲಿ ಏನೇ ಇರಲಿ, ಸಿ ಭಾಷೆಯ ಪ್ರೋಗ್ರಾಂ ಶುರುವಾಗುವುದು ‘ಸಿ’ ಲೊಕೇಲ್‌ನಲ್ಲಿಯೇ. ಆ ಕರೆ ಇಲ್ಲದೆ ಕೇಳಿದ ಪ್ರಶ್ನೆಗೆ ಜಿಲಿಬ್‌ಸಿಯಿಂದ ಬರುವ ಉತ್ತರ ‘ಎಎನ್‌ಎಸ್‌ಐ_ಎಕ್ಸ್3.4-1968’, ಎಂದರೆ ಆಸ್ಕಿ. ‘ಎಲ್‌ಸಿ_ಆಲ್’ ಮೊದಲು, ‘ಎಲ್‌ಸಿ_ಸಿಟೈಪ್’ ನಂತರ, ‘ಲ್ಯಾಂಗ್’ ಕೊನೆಗೆ ಎಂಬ ಆದ್ಯತೆಯನ್ನು ಲೈಬ್ರರಿಯೇ ಪಾಲಿಸುವುದರಿಂದ ನೀವು ಆ ಮೂರು ವೇರಿಯಬಲ್‌ಗಳನ್ನೂ ಓದುವ ಅಗತ್ಯವಿಲ್ಲ.

ಆದರೂ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹೀಗೆ ಸಿಗುವ ಉತ್ತರ ಬಳಕೆದಾರರ ಘೋಷಣೆಯೇ ಹೊರತು ಟರ್ಮಿನಲ್‌ನ ನಿಜಸ್ಥಿತಿಯ ಪ್ರಮಾಣವಲ್ಲ. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋದಾಗ ನಿಮ್ಮ ‘ಕೆಎನ್_ಐಎನ್’ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ. ಅಲ್ಲಿ ಆ ಲೊಕೇಲ್ ಅಳವಡಿಸಿರದಿದ್ದರೆ ‘ಸೆಟ್‌ಲೊಕೇಲ್’ ವಿಫಲವಾಗಿ ಶೂನ್ಯವನ್ನು (ನಲ್) ಮರಳಿಸುತ್ತದೆ, ಪ್ರೋಗ್ರಾಂ ‘ಸಿ’ಯಲ್ಲೇ ಉಳಿಯುತ್ತದೆ. ಆ ಶೂನ್ಯವನ್ನು ದಯವಿಟ್ಟು ಪರೀಕ್ಷಿಸಿ, ದೋಷದ ಸಂದೇಶ ಕೊಟ್ಟು ನಿಲ್ಲಿ. ಬರೆಯುವುದು ಪರದೆಗಲ್ಲ, ಕಡತಕ್ಕೆ ಎಂದಾದರೆ ಟರ್ಮಿನಲ್ಲನ್ನು ವಿಚಾರಿಸುವುದೇ ಬೇಡ. ಕಡತದ ಎನ್‌ಕೋಡಿಂಗ್ ಯುಟಿಎಫ್-8 ಎಂದು ಮೊದಲೇ ನಿಗದಿಪಡಿಸಿ.