ಸ್ಪೀಡ್ ಬೋಟ್ ಕೊಂಡ ಮೂರನೇ ವರ್ಷ

ವೇಗದ ಬೋಟು ಕೊಂಡವರನ್ನು ಮೊದಲ ವರ್ಷ "ಹೇಗಿದೆ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಸೂಪರ್. ಅದರಿಂದ ಬೋಟುಗಳ ಸ್ಥಿತಿ ಪರೀಕ್ಷಿಸುವ ನನ್ನಂಥ ಸರ್ವೇಯರ್‌ಗೆ ಏನೂ ತಿಳಿಯುವುದಿಲ್ಲ. ಮೂರನೇ ವರ್ಷ ಕೇಳಬೇಕು. ಆ ಹೊತ್ತಿಗೆ ಕೆಲವರು ಪ್ರತಿ ವಾರ ನೀರಿಗಿಳಿಯುತ್ತಿರುತ್ತಾರೆ, ಕೆಲವರು ಗಿರಾಕಿ ಹುಡುಕುತ್ತಿರುತ್ತಾರೆ. ಅದೇ ಕಂಪನಿಯ ಅದೇ ಮಾಡೆಲ್ ಬೋಟು ಇಬ್ಬರಲ್ಲೂ ಇರಬಹುದು.

ಗೋವಾದಲ್ಲಿ ನನ್ನ ಕೈಗೆ ಬರುವವು ಹೆಚ್ಚಾಗಿ 26ರಿಂದ 32 ಅಡಿಯ, ಒಂದು ಅಥವಾ ಎರಡು ದೊಡ್ಡ ಪೆಟ್ರೋಲ್ ಎಂಜಿನ್ನಿನ ಬೋಟುಗಳು. ಮಾಲೀಕರಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯವರು ಬಹಳ. ಶುಕ್ರವಾರ ಸಂಜೆ ಚೋರ್ಲಾ ಘಾಟ್ ಇಳಿದು ಬಂದು ಭಾನುವಾರ ರಾತ್ರಿ ಹತ್ತಿ ಹೋಗುವವರು. ಅವರ ಸಮಾಧಾನ ಎಷ್ಟೆಂದು ತಿಳಿಯಲು ನಾನು ಮೊದಲು ನೋಡುವುದು ಎಂಜಿನ್ನಿನ ಕಂಪ್ಯೂಟರ್. ಈಗಿನ ಎಂಜಿನ್ನುಗಳು ಒಟ್ಟು ಎಷ್ಟು ಗಂಟೆ ಓಡಿವೆ ಎಂಬುದರ ಜೊತೆಗೆ ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿವೆ ಎಂಬುದನ್ನೂ ಬರೆದಿಟ್ಟುಕೊಳ್ಳುತ್ತವೆ. ಲ್ಯಾಪ್‌ಟಾಪ್ ಜೋಡಿಸಿದರೆ ಪಟ್ಟಿ ತೆರೆಯುತ್ತದೆ. ಎಷ್ಟೇ ಉತ್ಸಾಹಿ ಮಾಲೀಕರಾಗಲಿ, ಫುಲ್ ಥ್ರಾಟಲ್‌ನ ಸಾಲಿನಲ್ಲಿ ಇರುವುದು ಚೂರುಪಾರು. ಬಹುಪಾಲು ಹೊತ್ತು ನದಿಯಲ್ಲಿ ನಿಧಾನಕ್ಕೆ ಸಾಗಿದ್ದು, ಉಳಿದದ್ದು 3500ರಿಂದ 4500ರ ನಡುವೆ. ಹಣ ಕೊಟ್ಟಿದ್ದು 45 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗಕ್ಕೆ, ಬದುಕುವುದು 25 ನಾಟ್‌ನಲ್ಲಿ. ಆ 25 ನಾಟ್‌ನಲ್ಲಿ, ಅದಕ್ಕಿಂತಲೂ ಮುಖ್ಯವಾಗಿ 15 ನಾಟ್‌ನಲ್ಲಿ, ಬೋಟು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮೂರನೇ ವರ್ಷದ ಉತ್ತರವನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ತಳದ ಆಕಾರದಲ್ಲಿದೆ. ಈ ಜಾತಿಯ ಬೋಟುಗಳದು ಡೀಪ್-ವಿ ತಳ, ಅಂದರೆ ಹಿಂಬದಿಯವರೆಗೂ ಚೂಪಾಗಿಯೇ ಸಾಗುವ ತಳ. ಅಮೆರಿಕದ ವಿನ್ಯಾಸಕಾರ ರೇ ಹಂಟ್ ರೂಪಿಸಿದ ಇಂಥ ಬೋಟಿನಲ್ಲಿ ಡಿಕ್ ಬರ್ಟ್ರಮ್ 1960ರ ಮಯಾಮಿ–ನಸ್ಸೌ ರೇಸನ್ನು ಒರಟು ಕಡಲಿನಲ್ಲಿ ಗೆದ್ದ ಮೇಲೆ ವೇಗದ ಬೋಟುಗಳ ದಾರಿಯೇ ಬದಲಾಯಿತು. ತಳದ ಕೋನ, ಅಂದರೆ ತಳದ ಪಕ್ಕಗಳು ಮಟ್ಟದಿಂದ ಮೇಲಕ್ಕೆ ಏರುವ ಓರೆ, ಹಿಂಬದಿಯಲ್ಲಿ 24 ಡಿಗ್ರಿ ಆಸುಪಾಸು ಇದ್ದರೆ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಬೆನ್ನಿಗೆ ಏಟು ಕಡಿಮೆ. ಆದರೆ ಅದೇ ಚೂಪು ತಳ ನೀರಿನ ಮೇಲೆದ್ದು ತೇಲಿ ಓಡಲು, ಅಂದರೆ ಪ್ಲೇನ್ ಆಗಲು, ಹೆಚ್ಚು ಶಕ್ತಿ ಕೇಳುತ್ತದೆ. ಲಂಗರು ಹಾಕಿ ನಿಂತಾಗ ಪಕ್ಕಕ್ಕೆ ಪಕ್ಕಕ್ಕೆ ತೂಗುತ್ತದೆ. ಅಗ್ವಾದ ಕೊಲ್ಲಿಯಲ್ಲಿ ಬೋಟು ನಿಲ್ಲಿಸಿ ಮನೆಮಂದಿ ಊಟ ಮಾಡಬೇಕು ಎಂದುಕೊಂಡು ಕೊಂಡವರು ಎರಡನೇ ತುತ್ತಿಗೇ ಬೇಸರಪಡುತ್ತಾರೆ. ಅವರಿಗೆ 18–20 ಡಿಗ್ರಿಯ ಬೋಟೇ ಸರಿ. ವೇಗ ಸ್ವಲ್ಪ ಕುಗ್ಗಿದರೂ ಮನೆಯವರು ಮತ್ತೆ ಹತ್ತುತ್ತಾರೆ.

ಇನ್ನು 15 ನಾಟ್‌ನ ಮಾತು. ನಮ್ಮ ಕರಾವಳಿಯ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಬೆಳಿಗ್ಗೆ ಕಡಲು ಸಪಾಟು, ಮಧ್ಯಾಹ್ನ ವಾಯವ್ಯದಿಂದ ಗಾಳಿ ಏಳುತ್ತದೆ, ಫೆಬ್ರವರಿಯಿಂದಾಚೆಗೆ ಇನ್ನೂ ಜೋರು. ಪಣಜಿಯಿಂದ ಗ್ರ್ಯಾಂಡ್ ಐಲ್ಯಾಂಡಿಗೆ ಬೆಳಿಗ್ಗೆ ಹೋದವರು ಮಧ್ಯಾಹ್ನ ಮರಳುವಾಗ ಗಿಡ್ಡ ಗಿಡ್ಡ ಅಲೆಗಳು ಮೂತಿಯ ಎಡಭಾಗಕ್ಕೆ ಬಡಿಯುತ್ತವೆ. ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರು ನನ್ನನ್ನು ಕರೆಸಿದ್ದು ಇದಕ್ಕೇ. "ಸರ್, ಮುಂಜಾನೆ ಬೋಟ್ ಚಲೋ ಐತ್ರಿ. ಮಧ್ಯಾಹ್ನ ಹೊಳ್ಳಿ ಬರೂವಾಗ ಮನಿಯವ್ರು ಅಂಜತಾರ. ಮಾರಿಬಿಡ್ಲೇನ್ರಿ?" ಎಂದು ಕೇಳಿದರು.

ಅವರ ಜೊತೆ ಮಧ್ಯಾಹ್ನವೇ ಹೊರಟೆ. ಬೋಟು 19 ನಾಟ್‌ಗಿಂತ ಕೆಳಗೆ ಪ್ಲೇನ್‌ನಲ್ಲಿ ನಿಲ್ಲುತ್ತಿರಲಿಲ್ಲ. ಆ ಅಲೆಗೆ 19 ಹೆಚ್ಚಾಯಿತು, ಹಾರಿ ಹಾರಿ ಬೀಳುತ್ತದೆ. ಥ್ರಾಟಲ್ ಇಳಿಸಿದರೆ ಹಿಂಬದಿ ಕುಸಿದು ಮೂತಿ ಆಕಾಶ ನೋಡುತ್ತದೆ, ಮುಂದೆ ಏನೂ ಕಾಣದು. ಎಂಜಿನ್ನಿಗೆ ಹಾಕಿದ್ದು ತುದಿವೇಗಕ್ಕೆಂದೇ ಆರಿಸಿದ ಮೂರು ಎಲೆಯ, 21 ಇಂಚು ಪಿಚ್‌ನ ಪ್ರೊಪೆಲ್ಲರ್. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ. ಅದು ಒಂದು ಇಂಚು ಬದಲಾದರೆ ಫುಲ್ ಥ್ರಾಟಲ್‌ನಲ್ಲಿ 150ರಿಂದ 200 ಆರ್‌ಪಿಎಂ ಏರುಪೇರಾಗುತ್ತದೆ. ಎಂಜಿನ್ ಕಂಪನಿ ಹೇಳಿದ ಮಿತಿಯೊಳಗೇ ಅದು ಕೂರಬೇಕು. ಲೆಕ್ಕ ಹಾಕಿ ನಾಲ್ಕು ಎಲೆಯ, ಪಿಚ್ ಕಡಿಮೆ ಇರುವ ಸ್ಟೇನ್‌ಲೆಸ್ ಪ್ರೊಪೆಲ್ಲರ್ ಹಾಕಿಸಿದೆವು, ಹಿಂಬದಿಗೆ ಟ್ರಿಮ್ ಟ್ಯಾಬ್, ಅಂದರೆ ಹಿಂಬದಿಯನ್ನು ಎತ್ತಿ ಮೂತಿ ತಗ್ಗಿಸುವ ಹಲಗೆಗಳನ್ನು, ಕೂರಿಸಿದೆವು. ತುದಿವೇಗ ಎರಡು-ಮೂರು ನಾಟ್ ಹೋಯಿತು. ಆದರೆ ಬೋಟು 15 ನಾಟ್‌ನಲ್ಲಿ ಮೂತಿ ತಗ್ಗಿಸಿಕೊಂಡು ನೆಟ್ಟಗೆ ಸಾಗತೊಡಗಿತು. ಅವರು ಮಾರಲಿಲ್ಲ. ಬೋಟಿನ ಬೆಲೆಗೆ ಹೋಲಿಸಿದರೆ ಪ್ರೊಪೆಲ್ಲರ್ ಬೆಲೆ ಏನೂ ಅಲ್ಲ. ಆದರೂ ಮಾರುವ ಯೋಚನೆಗೆ ಮೊದಲು ಪ್ರೊಪೆಲ್ಲರ್ ಬದಲಿಸಿ ನೋಡುವವರು ತೀರ ಕಡಿಮೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಇಂಧನದ ಖರ್ಚು ಎಲ್ಲರಿಗೂ ಗೊತ್ತಿರುವುದೇ. 300 ಅಶ್ವಶಕ್ತಿಯ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ ಹೆಚ್ಚುಕಡಿಮೆ 100 ಲೀಟರ್ ಕುಡಿಯುತ್ತದೆ, ನಡುವಿನ ವೇಗದಲ್ಲಿ ಅದರ ಅರ್ಧ. ಕೊಳ್ಳುವ ಮೊದಲೇ ಈ ಲೆಕ್ಕ ಮಾಡಿದವರಿಗೆ ಆಮೇಲೆ ಆಘಾತವಿಲ್ಲ.

ಆದರೆ ಅದೇ ಪೆಟ್ರೋಲಿನಲ್ಲಿ ಈಗ ಇನ್ನೊಂದು ವಿಷಯವಿದೆ, ಅದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಬೋಟ್ ಎಂಜಿನ್ ತಯಾರಕರು ಬಹುತೇಕ 10 ಶೇಕಡಾವರೆಗೆ ಮಾತ್ರ ಒಪ್ಪುತ್ತಾರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕಾರಿನ ಟ್ಯಾಂಕ್ ಮುಚ್ಚಿರುತ್ತದೆ, ವಾರಕ್ಕೊಮ್ಮೆ ಖಾಲಿಯಾಗುತ್ತದೆ. ಬೋಟಿನ ಟ್ಯಾಂಕಿಗೆ ಗಾಳಿ ಆಡುವ ಕೊಳವೆ ಹೊರಗೆ ತೆರೆದಿರುತ್ತದೆ, ಪೆಟ್ರೋಲ್ ತಿಂಗಳುಗಟ್ಟಲೆ ಕೂತಿರುತ್ತದೆ. ತೇವ ಒಂದು ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಒಂದಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲೇ. ಮಳೆಗಾಲ ಕಳೆದು ಸ್ಟಾರ್ಟ್ ಮಾಡಿದ ದಿನವೇ ಇಂಜೆಕ್ಟರ್ ಹಾಳು. ಹಳೆಯ ರಬ್ಬರ್ ಪೈಪುಗಳನ್ನೂ ಎಥೆನಾಲ್ ತಿನ್ನುತ್ತದೆ. ನನ್ನ ಸಲಹೆ ಇಷ್ಟು: ಎಂಜಿನ್ ಕಂಪನಿಯ ಕೈಪಿಡಿ ಏನು ಹೇಳುತ್ತದೆ ಎಂಬುದನ್ನು ಮೊದಲು ಓದಿ, ಆ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತುಂಬಿಸಿ, ನೀರು ಬೇರ್ಪಡಿಸುವ ಫಿಲ್ಟರ್ ತಪ್ಪದೆ ಇಟ್ಟು ಅದರ ಬಟ್ಟಲನ್ನು ಪ್ರತಿ ಸಲ ನೋಡಿ. ಮೇ ಕೊನೆಗೆ ಟ್ಯಾಂಕ್ ಪೂರ್ತಿ ಬರಿದು ಮಾಡಿ.

ಉಪ್ಪಿನ ಬಗ್ಗೆ ಸಣ್ಣದಾಗಿ. ಪ್ರತಿ ಓಟದ ನಂತರ ಎಂಜಿನ್ನಿನೊಳಗೆ ಸಿಹಿನೀರು ಹರಿಸುವುದು, ವರ್ಷಕ್ಕೊಮ್ಮೆ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಿಸುವುದು, ಇವೆರಡರಲ್ಲಿ ರಾಜಿ ಬೇಡ. ಮಾಂಡೋವಿಯಲ್ಲೇ ಬೋಟು ನಿಲ್ಲಿಸುವವರು ಸತುವಿನ ಬದಲು ಅಲ್ಯೂಮಿನಿಯಂ ಆನೋಡ್ (ಎಂಜಿನ್ನಿನ ಬದಲು ತಾನೇ ಸವೆದು ಅದನ್ನು ಕಾಯುವ ಲೋಹದ ತುಂಡು) ಹಾಕಿಸಲಿ. ಸಿಹಿನೀರು ಬೆರೆತಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಸ್ಟರ್ನ್‌ಡ್ರೈವ್ ಬೋಟುಗಳನ್ನು, ಅಂದರೆ ಎಂಜಿನ್ ಒಳಗೆ ಇದ್ದು ಪ್ರೊಪೆಲ್ಲರಿನ ಕಾಲು ಮಾತ್ರ ಹಿಂಬದಿಯ ಹೊರಗೆ ಇರುವಂಥವನ್ನು, ನಾನು ನಮ್ಮ ನೀರಿಗೆ ಶಿಫಾರಸು ಮಾಡುವುದಿಲ್ಲ. ಅದರ ಕಾಲು ಪೂರ್ತಿ ನೀರಿನಿಂದ ಮೇಲೇಳುವುದಿಲ್ಲ, ಚಿಪ್ಪು ಹತ್ತುತ್ತದೆ. ನೀರು ಒಳನುಗ್ಗದಂತೆ ತಡೆಯುವ ಅದರ ರಬ್ಬರ್ ಬೆಲ್ಲೋಸ್ ಹರಿದರೆ ಬೋಟೇ ಮುಳುಗಬಹುದು. ಔಟ್‌ಬೋರ್ಡ್, ಅಂದರೆ ಹಿಂಬದಿಯ ಹೊರಗೆ ಕೂರಿಸುವ ಎಂಜಿನ್, ಎತ್ತಿ ಇಡಬಹುದು, ಕೈಗೂ ಸಿಗುತ್ತದೆ.

ಜೂನ್‌ನಿಂದ ನಾಲ್ಕು ತಿಂಗಳು ಬೋಟು ನೀರಿನಿಂದ ಹೊರಗೆ ದಡದಲ್ಲಿರುತ್ತದೆ. ಗೋವಾದ ಮಳೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು. ಹೊದಿಕೆ ಹರಿದು, ತಳದ ಡ್ರೈನ್ ಪ್ಲಗ್ ತೆಗೆಯಲು ಮರೆತರೆ ಟ್ರೇಲರ್ ಮೇಲೆಯೇ ಬೋಟು ತುಂಬುತ್ತದೆ, ವೈರಿಂಗ್ ಕೊಳೆಯುತ್ತದೆ. ಗೇರ್ ಆಯಿಲನ್ನು ಮಳೆಗಾಲಕ್ಕೆ ಮೊದಲೇ ಬದಲಿಸಬೇಕು. ಹಾಲಿನ ಬಣ್ಣಕ್ಕೆ ತಿರುಗಿದ ಆಯಿಲ್ ಎಂದರೆ ಸೀಲ್ ಹೋಗಿದೆ, ನೀರು ಒಳಗಿದೆ. ಅದನ್ನೇ ನಾಲ್ಕು ತಿಂಗಳು ಬಿಟ್ಟರೆ ಬೇರಿಂಗುಗಳಿಗೆ ತುಕ್ಕು. ನಾನು ಕಂಡಂತೆ ತೃಪ್ತ ಮಾಲೀಕರೆಲ್ಲರಿಗೂ ವರ್ಷವಿಡೀ ಸಂಬಳ ಪಡೆಯುವ ಒಬ್ಬ ತಾಂಡೇಲ, ಅಂದರೆ ಬೋಟು ನಡೆಸಿ ನೋಡಿಕೊಳ್ಳುವವನು, ಇರುತ್ತಾನೆ. ಸೀಸನ್ ಮುಗಿದೊಡನೆ ಅವನನ್ನು ಕಳಿಸಿಬಿಡುವವರು ಅಕ್ಟೋಬರ್‌ನಲ್ಲಿ ಮೆಕ್ಯಾನಿಕ್‌ಗೆ ಅದರ ಹಲವು ಪಟ್ಟು ಕೊಡುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಬೆಳಿಗ್ಗೆ ಎಂಟಕ್ಕೆ ಟ್ರಯಲ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಮಧ್ಯಾಹ್ನ ಮೂರಕ್ಕೆ, ಟ್ಯಾಂಕ್ ಮುಕ್ಕಾಲು ತುಂಬಿಸಿ, ಮನೆಯವರನ್ನು ಕೂರಿಸಿಕೊಂಡು ಅಳಿವೆಯಾಚೆಗೆ ಹೋಗಿ. 400 ಲೀಟರ್ ಪೆಟ್ರೋಲ್ ಅಂದರೇ ಸುಮಾರು 300 ಕಿಲೋ ತೂಕ. ಖಾಲಿ ಬೋಟಿನ ನಡೆ ನಿಮ್ಮ ಬೋಟಿನ ನಡೆಯಲ್ಲ. ಥ್ರಾಟಲ್ ನಿಧಾನಕ್ಕೆ ಇಳಿಸುತ್ತಾ ಎಷ್ಟು ನಾಟ್‌ಗೆ ಪ್ಲೇನ್ ಬಿಡುತ್ತದೆ ಎಂದು ಬರೆದುಕೊಳ್ಳಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ತೂಗಿ ನೋಡಿ. ದಡಕ್ಕೆ ಬಂದ ಮೇಲೆ ಹೋದ ಮಳೆಗಾಲದಲ್ಲಿ ಬೋಟು ಎಲ್ಲಿತ್ತು, ಯಾರು ನೋಡಿಕೊಂಡರು ಎಂದು ಕೇಳಿ. ಸಾಧ್ಯವಾದರೆ ಈ ಪ್ರಶ್ನೆಯನ್ನು ಮಾಲೀಕರಿಗಿಂತ ಮೊದಲು ತಾಂಡೇಲನಿಗೇ ಕೇಳಿ.