ಮಂಡೆತುಣಿ ಕೆಳಗಿನ ವಂಶಾವಳಿ

ಕೊಡಗಿನ ಮದುವೆ ಫೋಟೊ ನೋಡಿ ಯಾರ ತಲೆ ಬೋಳು ಅಂತ ಹೇಳುವುದು ಕಷ್ಟ. ಗಂಡಸರು ಸುತ್ತುವ ಪೇಟ, ಅಂದರೆ ಮಂಡೆತುಣಿ, ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಿಜ ಗೊತ್ತಾಗುವುದು ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಹಿರಿಯರ ಐನ್‌ಮನೆಯಲ್ಲಿ ಊಟಕ್ಕೆ ಕೂತಾಗ.

ಕಳೆದ ಸಲ ಹಾಗೆ ಕೂತಿದ್ದಾಗ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಒಂದು ರಿಪೋರ್ಟ್ ತೋರಿಸಿದ. ಪುಟ್ಟ ಡಬ್ಬಿಯಲ್ಲಿ ಎಂಜಲು ಕಳಿಸಿ ಮಾಡಿಸಿದ ಜೀನ್ ಪರೀಕ್ಷೆ. 'ಕೂದಲು ಉದುರುವ ಸಾಧ್ಯತೆ ಜಾಸ್ತಿ' ಅಂತ ಬಂದಿತ್ತು. ಅವನ ನೆತ್ತಿ ನೋಡಿ ಅಷ್ಟನ್ನು ನಾನೇ ಪುಕ್ಕಟೆ ಹೇಳುತ್ತಿದ್ದೆ. ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. "ನಮ್ಮ ಒಕ್ಕದಲ್ಲಿ ಇದಿಲ್ಲ, ಬೆಂಗಳೂರು ನೀರಿನ ಕೆಲಸ" ಎಂದರು.

ನೀರನ್ನು ಬೈಯುವುದು ಸುಲಭ, ಅಲ್ವಾ? ಆದರೆ ಬೋಳಾಗುವುದರಲ್ಲಿ ಹಾರ್ಮೋನಿನ ಪಾತ್ರವನ್ನು ಗಟ್ಟಿಯಾಗಿ ತೋರಿಸಿದವರು ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಚಿಕ್ಕಂದಿನಲ್ಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗುವುದಿಲ್ಲ. ಅವರಿಗೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಕೊಟ್ಟರೆ, ಮನೆತನದಲ್ಲಿ ಬೋಳು ಇದ್ದವರ ಕೂದಲು ಉದುರತೊಡಗುತ್ತದೆ. ಅಂದರೆ ಹಾರ್ಮೋನೂ ಬೇಕು, ಹುಟ್ಟಿನಿಂದ ಬಂದದ್ದೂ ಬೇಕು.

ಔಷಧಿಯ ದಾರಿ ತೆರೆದದ್ದು ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹೆಣ್ಣುಮಕ್ಕಳಂತೆ ಬೆಳೆದು, ಪ್ರಾಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. ಟೆಸ್ಟೋಸ್ಟಿರಾನನ್ನು ಇನ್ನೂ ಬಲವಾದ ಡಿಎಚ್‌ಟಿ ಎಂಬ ಹಾರ್ಮೋನಾಗಿ ಮಾಡುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಸರಿಯಿರಲಿಲ್ಲ. 1974ರಲ್ಲಿ ಅಮೆರಿಕದ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಅವರ ತಂಡ ಇದನ್ನು ವಿವರಿಸಿತು. ಈ ಗಂಡಸರಿಗೆ ಬೋಳು ಬರುವುದಿಲ್ಲ, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಕೂಡ ದೊಡ್ಡದಾಗುವುದಿಲ್ಲ. ಅದೇ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ ಮೊದಲು ದೊಡ್ಡದಾದ ಪ್ರಾಸ್ಟೇಟ್‌ಗೆ ಔಷಧಿಯಾಗಿ ಬಂತು. 1997ರಲ್ಲಿ ಅಮೆರಿಕದಲ್ಲಿ ಗಂಡಸರ ಕೂದಲಿಗೂ ಒಪ್ಪಿಗೆ ಸಿಕ್ಕಿತು. ಎಂಜಲು ಡಬ್ಬಿ ಬರುವುದಕ್ಕೆ ಎಷ್ಟೋ ಮುಂಚಿನ ಮಾತಿದು.

ಡಬ್ಬಿಯ ಕಥೆ ಶುರುವಾಗುವುದು 2001ರಲ್ಲಿ. ಡಿಎಚ್‌ಟಿಯ ಮಾತು ಕೇಳಿಸಿಕೊಳ್ಳುವ 'ಆಂಡ್ರೊಜೆನ್ ರಿಸೆಪ್ಟರ್' ಜೀನನ್ನು ಆಸ್ಟ್ರೇಲಿಯಾದವರು ಪರೀಕ್ಷಿಸಿದರು. ಬೋಳಾದ ಯುವಕರಲ್ಲಿ ಶೇ. 98 ಮಂದಿಗೆ ಅದರ ಒಂದು ರೂಪ ಇತ್ತು. ಆದರೆ ಬೋಳಾಗದವರಲ್ಲೂ ಶೇ. 77 ಮಂದಿಗೆ ಅದೇ ಇತ್ತು! ಇಂಥದ್ದನ್ನು ಹಿಡಿದುಕೊಂಡು ಭವಿಷ್ಯ ಹೇಳುವುದು ಹೇಗೆ? ಆದರೂ 2008ರಲ್ಲಿ ಈ ಜೀನಿನ ಪರೀಕ್ಷೆ ಅಮೆರಿಕದಲ್ಲಿ ಮಾರಾಟಕ್ಕೆ ಬಂತು.

ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಬರುವುದು ತಾಯಿಯಿಂದ. ನಮ್ಮಲ್ಲಿ ಒಂದೇ ಒಕ್ಕದೊಳಗೆ ಮದುವೆ ಇಲ್ಲ, ಒಕ್ಕ ಸಾಗುವುದು ತಂದೆ ಕಡೆಯಿಂದ. ಹಾಗಾಗಿ ಈ ಜೀನ್ ಬಂದಿರುವುದು ಬೇರೆ ಒಕ್ಕದಿಂದ. ಅಮ್ಮನ ತವರಿನಿಂದ ಬಂದಿರಬಹುದು, ಅಮ್ಮನ ಅಮ್ಮನ ತವರಿನಿಂದಲೂ ಬಂದಿರಬಹುದು. ದೊಡ್ಡಪ್ಪ ಹೇಳಿದ್ದು ಅರ್ಧ ಸರಿ! ಅರ್ಧ ಯಾಕೆಂದರೆ, 2008ರಲ್ಲೇ 20ನೇ ಕ್ರೋಮೋಸೋಮಿನಲ್ಲೂ ಬೋಳಿನ ನಂಟು ಸಿಕ್ಕಿತು. ಅದು ಅಪ್ಪನ ಕಡೆಯಿಂದಲೂ ಬರುತ್ತದೆ. 2017ರಲ್ಲಿ 52,000ಕ್ಕೂ ಹೆಚ್ಚು ಬ್ರಿಟಿಷ್ ಗಂಡಸರನ್ನು ನೋಡಿದಾಗ ಇಂಥ ಜಾಗಗಳು 287 ಆದವು. ಅವೆಲ್ಲ ಸೇರಿಸಿ ಅಂಕ ಕೊಟ್ಟರೆ, ಅತಿ ಹೆಚ್ಚು ಅಂಕ ಪಡೆದ ಶೇ. 10ರಷ್ಟು ಮಂದಿಯಲ್ಲೂ ಸಾಕಷ್ಟು ಕೂದಲು ಹೋದವರು ಶೇ. 58 ಮಾತ್ರ. ಆ ಲೆಕ್ಕವೂ ಬ್ರಿಟಿಷರದ್ದು. ಯುರೋಪಿನವರ ಲೆಕ್ಕವನ್ನು ಆಫ್ರಿಕಾದ ಗಂಡಸರಿಗೆ ಹಾಕಿ ನೋಡಿದಾಗ ಸರಿಯಾಗಿ ಕೂಡಲಿಲ್ಲ ಅಂತ 2024ರ ಅಧ್ಯಯನವೊಂದು ಹೇಳುತ್ತದೆ. ನಮ್ಮ ತಲೆಗಳಿಗೆ ಅದು ಒಗ್ಗುತ್ತದೆ ಅಂತ ಸುಮ್ನೆ ನಂಬುವುದು ಹೇಗೆ?

ಜೀನ್ ಹುಡುಕಾಟ ದಂಡ ಅಂತಲ್ಲ. ಗುಂಡಗೆ ನಾಣ್ಯದ ಹಾಗೆ ಕೂದಲು ಹೋಗುವ ಅಲೊಪೇಶಿಯಾ ಏರಿಯಾಟಾ ಬೇರೆಯೇ ಕಾಯಿಲೆ. ಅಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬುಡದ ಮೇಲೆ ಬೀಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೊ ಅವರಿಗೇ ಆ ಕಾಯಿಲೆ ಇತ್ತು. ಅವರ ತಂಡ 2010ರಲ್ಲಿ ಅದರ ಜೀನ್‌ಗಳನ್ನು ಗುರುತಿಸಿತು. ಆ ಸುಳಿವಿನಿಂದ, ರೋಗನಿರೋಧಕ ಕೋಶಗಳೊಳಗೆ ಸಂದೇಶ ಸಾಗಿಸುವ ಜ್ಯಾಕ್ ಎಂಬ ಕಿಣ್ವಗಳನ್ನು ತಡೆಯುವ ಮಾತ್ರೆಗಳ ಪ್ರಯೋಗ ನಡೆಯಿತು. 2022ರಲ್ಲಿ ಅಂಥ ಒಂದು ಮಾತ್ರೆ ಬ್ಯಾರಿಸಿಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಸಾವಿರಾರು ಜನರ ಜೀನ್ ಒಟ್ಟಿಗೆ ನೋಡಿದ್ದಕ್ಕೆ ಸಿಕ್ಕ ಫಲ ಇದು. ಒಬ್ಬನ ರಿಪೋರ್ಟಿನಿಂದ ಬಂದದ್ದಲ್ಲ.

ಅದೇ ಪುತ್ತರಿಯಲ್ಲಿ ಅಕ್ಕನೂ ತಾನು ಎಂಜಲು ಕಳಿಸಲೇ ಅಂತ ಕೇಳಿದಳು. ಅವಳ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಡಾಕ್ಟರು ಮೊದಲು ಕೇಳಿದ್ದು, ಎರಡು-ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ ಅಂತ. ಬಂದಿತ್ತು, ಡೆಂಗಿ. ಹಾಗೆ ಉದುರಿದ ಕೂದಲು ಸಾಮಾನ್ಯವಾಗಿ ತಾನೇ ವಾಪಸ್ ಬರುತ್ತದೆ ಎಂದರು. ಕಬ್ಬಿಣಾಂಶಕ್ಕೆ, ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಬರೆದುಕೊಟ್ಟು ಕಳಿಸಿದರು.